ಲೇಖಕಿ ಬರುತ್ತಾರೆ, ಸರಿ. ಅದಕ್ಕೆ ಮೊದಲು ಒಂದು ಸಲ ನೀವೇ ಕೂತುಕೊಳ್ಳಿ

ಪ್ರಶ್ನೆ: ನಾವು ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯ ಹದಿನಾರು ಜನ. ಇಬ್ಬರು ಈಗ ಹೊರಗಿದ್ದಾರೆ, ಒಬ್ಬರು ದುಬೈ, ಒಬ್ಬರು ನ್ಯೂಜೆರ್ಸಿ. ತಿಂಗಳಿಗೊಂದು ಕನ್ನಡ ಪುಸ್ತಕ ಓದಿ ಆನ್‌ಲೈನ್‌ನಲ್ಲಿ ಸೇರಿ ಮಾತಾಡುತ್ತೇವೆ. ಈ ಸಲದ್ದು ಅಂಕೋಲಾ ಕಡೆಯ ಬದುಕಿನ ಒಂದು ಕಥಾಸಂಕಲನ. ಬರೆದವರು ಮುಂಬೈಯಲ್ಲಿದ್ದಾರೆ, ಎಪ್ಪತ್ತು ದಾಟಿದೆ. ಧೈರ್ಯ ಮಾಡಿ ಫೋನ್ ಮಾಡಿದೆವು, ಬರುತ್ತೇನೆ ಅಂದುಬಿಟ್ಟರು! ಈಗ ನಮಗೇ ಗಾಬರಿ. ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಅವರಿಂದ ಏನು ಓದಿಸಬೇಕು, ಯಾರೂ ಬಾಯಿ ಬಿಡದಿದ್ದರೆ ಏನು ಗತಿ, ಹಣ ಕೊಡಬೇಕಾ? ಕರೆಂಟಿನ ಚಿಂತೆ ಬೇರೆ.

ಉತ್ತರ: ಮೊದಲು ನೀವು ಕೇಳದೇ ಇರುವ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಲೇಖಕಿ ಬರುವುದಕ್ಕೆ ಒಂದು ವಾರ ಮೊದಲು ಅವರಿಲ್ಲದೆ ನೀವು ಹದಿನಾರು ಜನ ಸೇರಿ. ಅದೇ ಪುಸ್ತಕ, ಪೂರ್ತಿ ಒಂದು ತಾಸು. ಚೆನ್ನಾಗಿಲ್ಲ ಅನ್ನಿಸಿದ್ದನ್ನೆಲ್ಲ ಅಲ್ಲಿ ಹೇಳಿ ಮುಗಿಸಿ.

ಯಾಕೆ ಅಂದರೆ, ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಸ್ವಭಾವ ನಿಮಗೂ ಗೊತ್ತು. ಮನೆಗೆ ಬಂದವರ ಎದುರಿಗೆ ಸಾರು ಉಪ್ಪಾಗಿದೆ ಅಂತ ನಾವು ಹೇಳುವವರಲ್ಲ. ಪರದೆಯ ಮೇಲೆ ಎಪ್ಪತ್ತು ದಾಟಿದ ಹೆಣ್ಣುಮಗಳು ಕೂತಿರುವಾಗ "ಮೂರನೇ ಕತೆ ಕೊನೆಗೆ ಸಪ್ಪೆ ಆಯಿತು" ಅಂತ ಯಾರು ಹೇಳುತ್ತಾರೆ? ಯಾರೂ ಇಲ್ಲ. "ಬಹಳ ಚೆನ್ನಾಗಿದೆ ಅಕ್ಕಾ" ಅಂತ ಒಬ್ಬರು ಶುರು ಮಾಡಿದರೆ ಹದಿನಾರು ಸಲ ಅದೇ ಮಾತು ಸುತ್ತು ಹೊಡೆದು ಬರುತ್ತದೆ. ಅವರಿಗೂ ಅದು ಸಾಕಾಗಿ ಹೋಗಿರುತ್ತದೆ. ಅವರಿಲ್ಲದ ಬೈಠಕ್‌ನಲ್ಲಿ ಜಗಳ ಆಗುತ್ತದೆ, ಒಬ್ಬರಿಗೆ ಇಷ್ಟವಾದ ಪಾತ್ರ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಆ ಜಗಳದಲ್ಲೇ ನಿಮಗೆ ಬೇಕಾದ ಪ್ರಶ್ನೆಗಳಿವೆ. ಒಬ್ಬರು ಸುಮ್ನೆ ಬರೆದುಕೊಳ್ಳುತ್ತಾ ಹೋಗಲಿ. ತಾಸಿನ ಕೊನೆಗೆ ಹತ್ತು ಹದಿನೈದು ಸಿಗುತ್ತವೆ, ಆರು ಆರಿಸಿ. ಹೀಗೊಂದು ಬೈಠಕ್ ಮಾಡುತ್ತಿದ್ದೇವೆ ಅಂತ ಲೇಖಕಿಗೂ ಮುಂಚೆಯೇ ತಿಳಿಸಿ, ಮುಚ್ಚಿಡಬೇಡಿ. ನಾನು ಹೇಳಿದಾಗ ಬೇಜಾರು ಮಾಡಿಕೊಂಡ ಲೇಖಕರು ಈವರೆಗೆ ಒಬ್ಬರೂ ಇಲ್ಲ, ಹೊಟ್ಟೆ ತುಂಬಾ ನಕ್ಕವರು ಇದ್ದಾರೆ. ಆ ಬೈಠಕ್ ಮಾತ್ರ ರೆಕಾರ್ಡ್ ಮಾಡಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ಅದರ ವರದಿಯೂ ಬೇಡ. ಫಾರ್ವರ್ಡ್ ಆಗಲಿಕ್ಕೆ ಎಷ್ಟು ಹೊತ್ತು ಬೇಕು?

ಈಗ ದಿನ ಗೊತ್ತು ಮಾಡುವ ವಿಚಾರ. ಮಳೆಗಾಲ ಓದಲಿಕ್ಕೆ ಒಳ್ಳೆಯ ಕಾಲ, ಆನ್‌ಲೈನ್ ಸೇರಲಿಕ್ಕೆ ಕೆಟ್ಟ ಕಾಲ. ಜೂನ್, ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಒಂದು ಮರ ತಂತಿ ಮೇಲೆ ಬಿದ್ದರೆ ಸಂಜೆಯ ಕರೆಂಟ್ ಮರುದಿನ ಮಧ್ಯಾಹ್ನಕ್ಕೆ ಬಂದರೂ ಪುಣ್ಯ. ಹಾಗಂತ ಮಳೆ ಮುಗಿದ ಮೇಲೆ ತೆರವು ಸಿಗುತ್ತದೆ ಅಂದುಕೊಳ್ಳಬೇಡಿ. ನವೆಂಬರಿನಿಂದ ಅಡಿಕೆ ಕೊಯ್ಲು ಶುರು, ಸಂಜೆಯಾದರೆ ಮನೆಮಂದಿಯೆಲ್ಲ ಸುಲಿಯಲಿಕ್ಕೆ ಕೂರುತ್ತಾರೆ. ಅದೇ ಹೊತ್ತಿಗೆ ಯಕ್ಷಗಾನದ ಆಟಗಳೂ ಶುರು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷವಾದರಂತೂ ಫೆಬ್ರವರಿ, ಮಾರ್ಚ್ ಹೊತ್ತಿಗೆ ಶಿರಸಿಯಲ್ಲಿ ಯಾರ ಮನೆಯಲ್ಲೂ ಕೂತು ಮಾತಾಡುವ ಸ್ಥಿತಿ ಇರುವುದಿಲ್ಲ, ಮನೆ ತುಂಬಾ ನೆಂಟರು. ಕರಾವಳಿ ಕಡೆಯ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ನಿಮ್ಮಲ್ಲಿ ಮೀನುಗಾರರ ಮನೆಯವರು ಯಾರಾದರೂ ಇದ್ದರೆ ಆ 61 ದಿನ ಅವರಿಗೆ ಓದಲಿಕ್ಕೆ ಪುರುಸೊತ್ತು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಅಡಿಕೆ ಸುಲಿಯುವ ಕಾಲಕ್ಕೇ ಬಂತು ಅಂದರೂ ಹೆದರಬೇಕಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೆಟ್ಟುಗತ್ತಿ ಮುಂದೆ ಕೂತು ಕೇಳುವವರು ಕ್ಯಾಮೆರಾ ಮುಂದೆ ನೆಟ್ಟಗೆ ಕೂತವರಿಗಿಂತ ಚೆನ್ನಾಗಿ ಕೇಳುತ್ತಾರೆ. ಅಡಿಕೆ ಸುಲಿಯುತ್ತಾ ಕತೆ ಕೇಳುವುದು ನಮಗೇನು ಹೊಸತಾ?

ಹೊತ್ತು: ಭಾನುವಾರ ಸಂಜೆ ಏಳೂವರೆ. ಹಾಲು ಕರೆದು ಮುಗಿದಿರುತ್ತದೆ, ದುಬೈಯವರಿಗೆ ಸಂಜೆ ಆರು. ನ್ಯೂಜೆರ್ಸಿಯವರಿಗೆ ಅಲ್ಲಿನ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತು, ಚಳಿಗಾಲದಲ್ಲಿ ಒಂಬತ್ತು. ಇಲ್ಲೊಂದು ಗುಂಡಿ ಇದೆ. ಅಮೆರಿಕದಲ್ಲಿ ಗಡಿಯಾರ ಮುಂದೆ ಹಾಕುವುದು ಮಾರ್ಚ್ ತಿಂಗಳ ಎರಡನೇ ಭಾನುವಾರ, ಹಿಂದೆ ಹಾಕುವುದು ನವೆಂಬರಿನ ಮೊದಲ ಭಾನುವಾರ. ನೀವು ಸೇರುವುದೂ ಭಾನುವಾರ. ಆ ಎರಡು ದಿನ ಬಿಟ್ಟುಬಿಡಿ, ಇಲ್ಲದಿದ್ದರೆ ಅವರು ಒಂದು ತಾಸು ಬೇಗ ಬಂದು ಖಾಲಿ ಪರದೆ ನೋಡುತ್ತಾರೆ, ಇಲ್ಲವೇ ವಂದನೆ ಹೇಳುವ ಹೊತ್ತಿಗೆ ಬರುತ್ತಾರೆ. ಆದರೆ ಇದೆಲ್ಲಕ್ಕಿಂತ ಮೊದಲು ಲೇಖಕಿಯನ್ನು ಕೇಳಿ. ಅವರು ಎಂಟಕ್ಕೆ ಊಟ ಮಾಡಿ ಮಲಗುವವರಾದರೆ ನಮ್ಮ ಲೆಕ್ಕ ಯಾವುದೂ ನಡೆಯುವುದಿಲ್ಲ.

ಅವರ ಜೊತೆ ಮಾತಾಡುವಾಗ ಒಬ್ಬರೇ ಮಾತಾಡಿ. ದಿನಕ್ಕೊಬ್ಬರು ಫೋನ್ ಮಾಡಿ ಒಂದೊಂದು ಹೇಳಿದರೆ ಅವರಿಗೆ ತಲೆ ಕೆಡುತ್ತದೆ. ಏನು ಓದುತ್ತಾರೆ, ಯಾವ ವಿಷಯ ಕೇಳಬಾರದು, ರೆಕಾರ್ಡ್ ಮಾಡಿದರೆ ನಡೆಯುತ್ತದಾ, ಯಾವ ಉಪಕರಣದಿಂದ ಬರುತ್ತಾರೆ, ಪಕ್ಕದಲ್ಲಿ ಸಹಾಯಕ್ಕೆ ಯಾರಾದರೂ ಇರುತ್ತಾರಾ. ಇಷ್ಟು ಕೇಳಿಕೊಳ್ಳಿ. ಏನು ಕೇಳಬಾರದು ಅನ್ನುವುದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. ಊರಿನ ಕತೆ ಬರೆದವರಿಗೆ ಊರಿನಲ್ಲಿ ನೆಂಟರಿರುತ್ತಾರೆ. "ಆ ಪಾತ್ರ ನಿಮ್ಮ ಚಿಕ್ಕಪ್ಪನಲ್ವಾ?" ಅನ್ನುವ ಪ್ರಶ್ನೆ ನಿಮಗೆ ತಮಾಷೆ, ಅವರಿಗೆ ಒಂದು ವರ್ಷದ ಮನಸ್ತಾಪ.

ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಅದೇ ಫೋನಿನಲ್ಲಿ ಹತ್ತು ನಿಮಿಷ ಪ್ರಯೋಗ ಮಾಡಿ. ಬೆಳಿಗ್ಗೆ ನೋಡಿದರೆ ಪ್ರಯೋಜನವಿಲ್ಲ, ಸಂಜೆಯ ಬೆಳಕು ಬೇರೆ, ಸಂಜೆಯ ನೆಟ್‌ವರ್ಕೂ ಬೇರೆ. ಬೆನ್ನ ಹಿಂದೆ ಕಿಟಕಿಯೋ ಟ್ಯೂಬ್‌ಲೈಟೋ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಎದುರಿಗೆ ಬರುವ ಹಾಗೆ ಕೂರಿಸಿ. ಫೋನನ್ನು ಕೈಯಲ್ಲಿ ಹಿಡಿಸಬೇಡಿ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಫೋನ್, ಕನ್ನಡಕ ಜಾರಿದರೆ ಮೂರನೇ ಕೈ ಎಲ್ಲಿಂದ ತರುವುದು? ನಾಲ್ಕು ದಪ್ಪ ಪುಸ್ತಕ ಪೇರಿಸಿ ಒರಗಿಸಿಟ್ಟರೆ ಸಾಕು.

ಯಾವ ಆ್ಯಪ್? ಇದರ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಝೂಮ್ ಪುಕ್ಕಟೆ ಖಾತೆ 40 ನಿಮಿಷಕ್ಕೆ ಕಟ್ ಆಗುತ್ತದೆ, ಗೂಗಲ್ ಮೀಟ್‌ನಲ್ಲಿ ಮೂರು ಜನ ಇಲ್ಲವೇ ಅದಕ್ಕಿಂತ ಮೇಲಾದರೆ 60 ನಿಮಿಷ. ಎರಡರಲ್ಲೂ ನೂರು ಜನರ ವರೆಗೆ ಜಾಗ ಇದೆ, ನಿಮಗೆ ಬೇಕಾದದ್ದು ಹದಿನೇಳು. ಒಂದು ತಾಸಿಗಿಂತ ಹೆಚ್ಚು ಇಡಬೇಡಿ ಅಂತಲೇ ನನ್ನ ಸಲಹೆ, ಹಾಗಾಗಿ ಮೀಟ್‌ನ ಮಿತಿ ನಿಮಗೆ ಅಡ್ಡಿಯಲ್ಲ, ಉಪಕಾರ. ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೂ 32 ಜನ ಸೇರಬಹುದು. ಲೇಖಕಿಗೆ ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ ಅಂದರೆ ಅದರಲ್ಲೇ ಮಾಡಿ, ಆದರೆ ದುಬೈಯಲ್ಲಿ ವಾಟ್ಸಾಪ್ ಕಾಲ್ ನಡೆಯುತ್ತದಾ ಅಂತ ನಿಮ್ಮವರನ್ನು ಮೊದಲೇ ಕೇಳಿಕೊಳ್ಳಿ.

ಕರೆಂಟಿನ ವಿಷಯಕ್ಕೆ ಬರುತ್ತೇನೆ, ಅದರಲ್ಲಿ ನನ್ನ ಮಾನ ಒಮ್ಮೆ ಹೋಗಿದೆ. ಒಂದು ಜೂನ್ ತಿಂಗಳು, ಹೊನ್ನಾವರದ ಮನೆಯಿಂದ ನಾನೇ ಹೋಸ್ಟ್. ಒಂಬತ್ತು ಜನ ಒಳಗೆ ಬಂದಾಗಿತ್ತು, ಲೇಖಕರನ್ನು ವೇಟಿಂಗ್ ರೂಮಿನಿಂದ ಒಳಗೆ ಬಿಡಬೇಕು ಅನ್ನುವಷ್ಟರಲ್ಲಿ ಗುಡುಗು, ಕತ್ತಲೆ, ರೂಟರ್ ಸತ್ತಿತು. ಮೊಬೈಲ್ ನೆಟ್ಟೂ ಒಂದೇ ಕಡ್ಡಿ. ಅವರ ನಂಬರ್ ಇನ್ನೊಬ್ಬರ ಹತ್ತಿರ ಇರಲಿಲ್ಲ. ಹದಿನೆಂಟು ನಿಮಿಷ ಆ ಮನುಷ್ಯ ಪರದೆಯ ಮೇಲೆ "ದಯವಿಟ್ಟು ಕಾಯಿರಿ" ಓದುತ್ತಾ ಕೂತಿದ್ದರು. ನಾನು ಮಳೆಯಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುತ್ತಿದ್ದೆ.

ಅದಾದ ಮೇಲೆ ಕಲಿತದ್ದು ಇಷ್ಟು. ಹೋಸ್ಟ್ ಆಗುವವರು ಘಟ್ಟದ ಮೇಲಿನವರಾಗಲಿ ಕರಾವಳಿಯವರಾಗಲಿ ಬೇಡ, ನಿಮ್ಮ ದುಬೈಯವರನ್ನೇ ಮಾಡಿ. ಇಲ್ಲಿ ಕೂತೇ ನಡೆಸಬೇಕೆಂಬ ಹಟ ಯಾಕೆ? ನಡೆಸಿಕೊಡುವವರು ನೀವೇ ಆಗಿರಿ, ಬಾಗಿಲು ಕಾಯುವುದು ಅವರು ಮಾಡಲಿ. ಝೂಮ್ ಪುಕ್ಕಟೆ ಖಾತೆಯಲ್ಲಿ ಕೋ-ಹೋಸ್ಟ್ ಅಂತ ಜೊತೆಗೆ ಬಾಗಿಲು ಕಾಯುವ ಇನ್ನೊಬ್ಬರನ್ನು ಮಾಡಲಿಕ್ಕೆ ಬರುವುದಿಲ್ಲ, ಅದಕ್ಕೆ ವೇಟಿಂಗ್ ರೂಮ್ ಬಂದ್ ಮಾಡಿ ಪಾಸ್‌ಕೋಡ್ ಮಾತ್ರ ಇಡಿ. ಪರಿಚಯದ ಹದಿನಾರು ಜನರಿಗೆ ಕಾವಲು ಯಾಕೆ? ಮನೆಯಲ್ಲಿ ಫೈಬರ್ ಇದ್ದರೆ ರೂಟರಿಗೆಂದೇ ಬರುವ ಸಣ್ಣ 12 ವೋಲ್ಟ್ ಯುಪಿಎಸ್ ತೆಗೆದುಕೊಳ್ಳಿ. ಲೇಖಕಿಯ ನಂಬರ್ ಮೂರು ಊರಿನ ಮೂರು ಜನರ ಹತ್ತಿರ ಇರಲಿ. ನೆಟ್ ತೆಳ್ಳಗಾದವರು ಮೊದಲು ವಿಡಿಯೋ ಬಂದ್ ಮಾಡಲಿ. ಬರೀ ಧ್ವನಿಗೆ ಸೆಕೆಂಡಿಗೆ 80 ಕಿಲೋಬಿಟ್ ಆಸುಪಾಸು ಸಾಕು, ಅಂದರೆ ಇಡೀ ತಾಸಿಗೆ 36 ಎಂಬಿ. ವಿಡಿಯೋ 1 ಮೆಗಾಬಿಟ್ ಎಳೆದರೆ ಅದೇ ತಾಸಿಗೆ 450 ಎಂಬಿ. ಎಲ್ಲವೂ ಕೈಕೊಟ್ಟರೆ ಲೇಖಕಿಗೆ ಮಾಮೂಲಿ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನೆಟ್ ಇರುವವರ ಮೈಕಿನ ಹತ್ತಿರ ಹಿಡಿಯಿರಿ. ಧ್ವನಿ ರೇಡಿಯೋದ ಹಾಗೆ ಬರುತ್ತದೆ, ಆದರೆ ಬರುತ್ತದೆ.

ಪುಸ್ತಕ ಎಲ್ಲರ ಕೈಯಲ್ಲೂ ಇರಬೇಕು. ಒಂದು ಪ್ರತಿಯ ಫೋಟೋ ಹೊಡೆದು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುವುದು ದಯವಿಟ್ಟು ಬೇಡ, ಅದರಲ್ಲೂ ಬರೆದವರನ್ನೇ ಕರೆಯುವಾಗ! ಪ್ರಕಾಶಕರಿಗೆ ನೇರವಾಗಿ ಫೋನ್ ಮಾಡಿ ಹದಿನಾರು ಪ್ರತಿ ಒಟ್ಟಿಗೆ ಕೇಳಿ, ರಿಯಾಯಿತಿ ಸಿಗಬಹುದು. ಕನ್ನಡದಲ್ಲಿ ಕಥಾಸಂಕಲನ ಸಾವಿರ ಪ್ರತಿ ಅಚ್ಚಾದರೆ ದೊಡ್ಡದು, ಅದರಲ್ಲಿ ಹದಿನಾರು ಒಂದೇ ದಿನ ಹೋಗುವುದು ಅವರ ಲೆಕ್ಕಕ್ಕೂ ಬರುತ್ತದೆ. ಹೊರದೇಶದವರು ಮೈಲ್ಯಾಂಗ್ ಥರದ ಕನ್ನಡ ಇ-ಪುಸ್ತಕದ ಆ್ಯಪ್‌ಗಳಲ್ಲಿ ಹುಡುಕಲಿ. ಆದರೆ ಇ-ಪುಸ್ತಕದಲ್ಲಿ, ಬೇರೆ ಮುದ್ರಣದಲ್ಲಿ ಪುಟ ಸಂಖ್ಯೆ ಬೇರೆಯಾಗಿರುತ್ತದೆ. "47ನೇ ಪುಟ ತೆಗೆಯಿರಿ" ಅಂದರೆ ನಾಲ್ಕು ಜನ ನಾಲ್ಕು ಕಡೆ ಇರುತ್ತಾರೆ. ಕತೆಯ ಹೆಸರು ಹೇಳಿ, ಪ್ಯಾರಾದ ಮೊದಲ ಎರಡು ಪದ ಹೇಳಿ.

ಹಣ ಕೊಡಬೇಕಾ? ಕೊಡಬೇಕು, ಅಥವಾ ಕೊಡುತ್ತೇವೆ ಅಂತ ಬಾಯಿಬಿಟ್ಟು ಹೇಳಬೇಕು. ತಲೆಗೆ ನೂರು ಹಾಕಿದರೆ ಸಾವಿರದ ಆರುನೂರು, ದೊಡ್ಡ ಮೊತ್ತವಲ್ಲ, ಆದರೆ ಒಂದು ಸಂಜೆಗೆ ಬೆಲೆ ಇದೆ ಅಂತ ಹೇಳಿದ ಹಾಗಾಗುತ್ತದೆ. ಬೇಡ ಅಂದರೆ ಒತ್ತಾಯಿಸಬೇಡಿ, ಶಾಲು ಫಲಕ ಅಂತೂ ಕಳಿಸಲೇಬೇಡಿ. ಮುಂಬೈಯ ಫ್ಲ್ಯಾಟಿನಲ್ಲಿ ಅದನ್ನು ಇಡಲಿಕ್ಕೆ ಜಾಗ ಎಲ್ಲಿದೆ? ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ತೊಡೆದೇವು ಕಳಿಸಿ. ತೊಡೆದೇವು ದಾರಿಯಲ್ಲಿ ಪುಡಿಯಾಗುತ್ತದೆ. ಆಗಲಿ, ಪುಡಿಗೂ ರುಚಿ ಅದೇ.

ಇನ್ನು ಆ ಸಂಜೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಅಧ್ಯಕ್ಷರ ಮಾತು, ವಂದನಾರ್ಪಣೆ. ಇವೆಲ್ಲ ಸೇರಿದರೆ ಮೂವತ್ತೈದು ನಿಮಿಷ, ನಾನು ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ. ಎಲ್ಲವನ್ನೂ ಕಿತ್ತುಹಾಕಿ. ಇದು ಸಭಾಭವನ ಅಲ್ಲ, ಜಗಲಿ. ಜಗಲಿಗೆ ಬಂದವರ ಬಯೋಡಾಟಾ ಓದುತ್ತೇವಾ? "ಬನ್ನಿ, ಕೂತುಕೊಳ್ಳಿ" ಅನ್ನುತ್ತೇವೆ. ಲೇಖಕಿ ಯಾರು ಅಂತ ಹದಿನಾರು ಜನರಿಗೂ ಗೊತ್ತು. ನೀವು ಯಾರು ಅಂತ ಅವರಿಗೆ ಗೊತ್ತಿಲ್ಲ. ಹಾಗಾಗಿ ಪರಿಚಯ ತಿರುಗಿಸಿ. ಒಬ್ಬೊಬ್ಬರೂ ಹೆಸರು, ಊರು, ಸಂಕಲನದಲ್ಲಿ ಮನಸ್ಸಿನಲ್ಲಿ ಉಳಿದ ಒಂದು ವಸ್ತುವಿನ ಹೆಸರು ಹೇಳಲಿ. ವಸ್ತು ಮಾತ್ರ, ಅಭಿಪ್ರಾಯ ಬೇಡ. ಒಂದು ದೋಣಿ, ಒಂದು ಹಿತ್ತಾಳೆ ಚೊಂಬು, ಮೀನಿನ ಬುಟ್ಟಿ. ಐದು ನಿಮಿಷದಲ್ಲಿ ಮುಗಿಯುತ್ತದೆ. ತಮ್ಮ ಕತೆಯಿಂದ ಯಾರ ಮನೆಗೆ ಏನು ಹೋಗಿದೆ ಅಂತ ಕೇಳುವಾಗ ಅವರ ಮುಖ ನೋಡಿ.

ಆಮೇಲೆ ಅವರು ಓದಲಿ. ಡೆಮ್ಮಿ ಅಷ್ಟದಳದ, ಅಂದರೆ ಕನ್ನಡ ಪುಸ್ತಕಗಳ ಮಾಮೂಲಿ ಅಳತೆಯ, ಒಂದು ಪುಟ ನಿಧಾನವಾಗಿ ಓದಲಿಕ್ಕೆ ಎರಡೂವರೆ ನಿಮಿಷ ಬೇಕು, ಐದು ಪುಟ ಅಂದರೆ ಹನ್ನೆರಡು ಹದಿಮೂರು ನಿಮಿಷ. ಅದಕ್ಕಿಂತ ಹೆಚ್ಚು ಬೇಡ, ವಯಸ್ಸಾದವರ ಗಂಟಲು ಒಣಗುತ್ತದೆ, ನೀರು ಪಕ್ಕದಲ್ಲಿರಲಿ. ಯಾವ ಭಾಗ ಅಂತ ಅವರೇ ಆರಿಸಲಿ. ನಿಮ್ಮನ್ನು ಕೇಳಿದರೆ ಕತೆಯ ಕೊನೆಯ ಭಾಗ ಬೇಡ ಅನ್ನಿ, ಜನ ಮಾತಾಡುವ ಭಾಗ ಕೊಡಿ. ಓದುವಾಗ ಉಳಿದವರೆಲ್ಲ ಮ್ಯೂಟ್. ನಿಮ್ಮ ಕಡೆ ಜೀರುಂಡೆ ಸದ್ದು ನಿಮಗೆ ಕೇಳುವುದಿಲ್ಲ, ಮುಂಬೈಗೆ ಕೇಳುತ್ತದೆ.

ಓದು ಮುಗಿದ ಕೂಡಲೇ ಪ್ರಶ್ನೆಗೆ ಹೋಗಬೇಡಿ. ಅದೇ ಸಂಕಲನದ ಇನ್ನೊಂದು ಕತೆಯಿಂದ ಎರಡು ಪುಟ ನಿಮ್ಮವರೊಬ್ಬರು ಓದಲಿ, ಲೇಖಕಿ ಕೇಳಲಿ. ನನಗೆ ಇಡೀ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಇಷ್ಟ ಇದೇ. ಯಾರು ಓದಬೇಕು ಅನ್ನುವುದು ಮುಖ್ಯ. ನಮ್ಮ ಜಿಲ್ಲೆಯಲ್ಲಿ ಹತ್ತು ಮೈಲಿಗೆ ಒಂದು ಕನ್ನಡ. ಶಿರಸಿಯ ಹವ್ಯಕರ ಮಾತು ಬೇರೆ, ಅಂಕೋಲಾದ ನಾಡವರ ಮಾತು ಬೇರೆ, ಹಾಲಕ್ಕಿಗಳದ್ದು ಬೇರೆ, ಕಾರವಾರಕ್ಕೆ ಹೋದರೆ ಅದರೊಳಗೆ ಕೊಂಕಣಿ ನುಸುಳಿರುತ್ತದೆ. ಅಂಕೋಲಾ ಕಡೆಯ ಸಂಭಾಷಣೆಯನ್ನು ಶಿರಸಿಯವರು ಓದಿದರೆ ಅದು ನಾಟಕದ ಮಾತಾಗುತ್ತದೆ. ಕುಮಟಾ ಅಂಕೋಲಾ ನಡುವೆ ಹುಟ್ಟಿ ಬೆಳೆದವರು ನಿಮ್ಮಲ್ಲಿ ಒಬ್ಬರಾದರೂ ಇರಬೇಕಲ್ವಾ? ಅವರೇ ಓದಲಿ, ಅವರಿಗೆ ನಾಚಿಕೆ ಆದರೆ ಅವರ ತಾಯಿಯೋ ಅತ್ತೆಯೋ ಓದಲಿ. ಮುಂಬೈಯಲ್ಲಿ ಇಷ್ಟು ವರ್ಷ ಕಳೆದವರಿಗೆ ತಾವು ಕಾಗದದ ಮೇಲೆ ಬರೆದ ಊರಿನ ಮಾತನ್ನು ಊರಿನವರ ಗಂಟಲಲ್ಲಿ ಕೇಳುವುದು ಎಂಥ ವಿಷಯ ಅಂತ ಹೇಳಬೇಕಿಲ್ಲ. ಆಮೇಲೆ ಪ್ರಶ್ನೆಯ ಅಗತ್ಯವೇ ಬೀಳದೆ ಅವರಾಗಿಯೇ ಮಾತಾಡಲಿಕ್ಕೆ ಶುರು ಮಾಡಿದ್ದನ್ನು ನಾನು ನೋಡಿದ್ದೇನೆ.

ಯಾರಾದರೂ ಸುಗ್ಗಿ ಹಾಡು ಹೇಳುವವರಿದ್ದರೆ, ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿ. ಇಲ್ಲದಿದ್ದರೆ ಆ್ಯಪ್ ಹಾಡನ್ನೂ ಗದ್ದಲ ಅಂತ ತಿಳಿದು ನುಂಗಿಬಿಡುತ್ತದೆ.

ಪ್ರಶ್ನೆಗೆ ಇಪ್ಪತ್ತೈದು ನಿಮಿಷ. ಮೊದಲ ಬೈಠಕ್‌ನಲ್ಲಿ ಆರಿಸಿದ ಆರು ಪ್ರಶ್ನೆಗಳನ್ನು ಅದನ್ನು ಕೇಳಿದವರೇ ಕೇಳಲಿ, ನಡೆಸುವವರು ಪಟ್ಟಿ ಓದುವುದು ಬೇಡ. "ನಿಮಗೆ ಸ್ಫೂರ್ತಿ ಯಾರು", "ಯಾವಾಗಿನಿಂದ ಬರೆಯುತ್ತೀರಿ", "ಯುವಕರಿಗೆ ನಿಮ್ಮ ಸಂದೇಶ" ಇವು ಮೂರಕ್ಕೂ ಬಹಿಷ್ಕಾರ. ಕತೆಯೊಳಗಿನ ಒಂದು ಜಾಗಕ್ಕೆ ಬೆರಳಿಟ್ಟು ಕೇಳಿದರೆ ಉತ್ತರ ಬರುತ್ತದೆ. "ಆ ಹೆಂಗಸು ಗಂಡನ ಪತ್ರವನ್ನು ಒಡೆಯದೇ ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುತ್ತಾಳೆ. ಅದರಲ್ಲಿ ಏನಿತ್ತು ಅಂತ ನಿಮಗೆ ಗೊತ್ತಾ?" ಇಂಥದ್ದು. ಇಷ್ಟವಾಗದ್ದನ್ನೂ ಹೀಗೇ ಕೇಳಬಹುದು. "ಕೊನೆ ಸಪ್ಪೆ ಆಯಿತು" ಅನ್ನುವ ಬದಲು "ಕೊನೆಗೆ ಮಗ ವಾಪಸ್ ಬರುತ್ತಾನೆ, ನಮ್ಮಲ್ಲಿ ಐದು ಜನ ಬರಬಾರದಿತ್ತು ಅಂದರು, ನೀವು ಬೇರೆ ಕೊನೆ ಬರೆದು ನೋಡಿದ್ದಿರಾ?" ಅನ್ನಿ. ಮಾತು ಅದೇ, ಸಾರಿನ ಉಪ್ಪೂ ಅಷ್ಟೇ.

ಯಾರೂ ಬಾಯಿ ಬಿಡದಿದ್ದರೆ? ಕಾಯಿರಿ. ಮನಸ್ಸಿನಲ್ಲೇ ನಿಧಾನವಾಗಿ ಹತ್ತರ ವರೆಗೆ ಎಣಿಸಿ. ಆನ್‌ಲೈನ್‌ನಲ್ಲಿ ಮೌನ ಇರುವುದಕ್ಕಿಂತ ಉದ್ದ ಅನ್ನಿಸುತ್ತದೆ, ಜನ ಅನ್‌ಮ್ಯೂಟ್ ಗುಂಡಿ ಹುಡುಕುತ್ತಿರುತ್ತಾರೆ, ಅಷ್ಟೇ. ನಡೆಸುವವರು ಗಾಬರಿಯಾಗಿ ತಾವೇ ಮಾತು ತುಂಬಿದರೆ ಗುಂಡಿ ಸಿಕ್ಕವರೂ ಸುಮ್ಮನಾಗುತ್ತಾರೆ. ನಿಜವಾದ ತೊಂದರೆ ಅದರ ಉಲ್ಟಾ, ಪ್ರಶ್ನೆ ಕೇಳುತ್ತೇನೆ ಅಂತ ಎದ್ದು ಆರು ನಿಮಿಷ ತಮ್ಮ ಬಾಲ್ಯ ಹೇಳುವವರು. ಎಲ್ಲ ಗುಂಪಿನಲ್ಲೂ ಒಬ್ಬರು ಇರುತ್ತಾರೆ, ನಿಮ್ಮಲ್ಲೂ ಯಾರು ಅಂತ ನಿಮಗೆ ಗೊತ್ತು. ಅವರಿಗೆ ಮೊದಲೇ ಒಂದು ಕೆಲಸ ಕೊಟ್ಟುಬಿಡಿ. ಸಮಯ ನೋಡಿಕೊಳ್ಳುವ ಕೆಲಸ.

ರೆಕಾರ್ಡಿಂಗ್ ಬಗ್ಗೆ ಒಂದು ಮಾತು. ಪ್ರಕಟವಾದ ಕೃತಿಯಿಂದ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದಲಿಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ, ನೀವು ಎರಡು ಪುಟ ಓದುವುದಕ್ಕೆ ಚಿಂತೆ ಬೇಡ. ಇಡೀ ಕತೆ ಓದಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆ ಮಾತು. ಅದಕ್ಕೆ ಲೇಖಕಿಯ ಒಪ್ಪಿಗೆ ಬೇಕು, ಹಕ್ಕು ಪ್ರಕಾಶಕರ ಹತ್ತಿರ ಇದ್ದರೆ ಅವರದ್ದೂ ಬೇಕು. ನಾನಾದರೆ ರೆಕಾರ್ಡ್ ಮಾಡುವುದೇ ಇಲ್ಲ. ಕೆಂಪು ಚುಕ್ಕಿ ಕಂಡ ಕೂಡಲೇ ಎಲ್ಲರೂ ಭಾಷಣದ ಕನ್ನಡಕ್ಕೆ ಬದಲಾಗುತ್ತಾರೆ.

ಐವತ್ತೈದನೇ ನಿಮಿಷಕ್ಕೆ ನಿಲ್ಲಿಸಿ, ಮಾತು ಚೆನ್ನಾಗಿ ನಡೆಯುತ್ತಿದ್ದರೂ ನಿಲ್ಲಿಸಿ. ಅವರಿಗೆ ಹೋಗಬಹುದು ಅನ್ನಿ, ಕೈಮುಗಿಯಿರಿ. ನೀವು ನೀವೇ ಇನ್ನೂ ಸ್ವಲ್ಪ ಹೊತ್ತು ಮಾತಾಡಬೇಕು ಅನ್ನಿಸುವುದು ಖಂಡಿತ, ಆದರೆ ಒಂದು ಎಚ್ಚರಿಕೆ. ಲೇಖಕರು ಹೋದರು ಅಂತ ನಾವೊಮ್ಮೆ ನಿರಾಳವಾಗಿ ಮಾತಿಗೆ ಕೂತೆವು, "ನನಗಂತೂ ಐದನೇ ಕತೆ ತಲೆಬುಡ ಅರ್ಥವಾಗಲಿಲ್ಲ" ಅಂತ ನಮ್ಮವರೊಬ್ಬರು ಅಂದರು. ಲೇಖಕರ ಕ್ಯಾಮೆರಾ ಆರಿತ್ತು, ಹೆಸರು ಪಟ್ಟಿಯಲ್ಲೇ ಇತ್ತು. "ನನಗೂ ಸರಿಯಾಗಿ ಅರ್ಥವಾಗಿಲ್ಲ ಮಾರಾಯ್ರೆ, ಅದಕ್ಕೇ ಅಷ್ಟು ಸಲ ತಿದ್ದಿದ್ದು" ಅಂತ ಕಪ್ಪು ಚೌಕದಿಂದ ಧ್ವನಿ ಬಂತು. ಆ ದಿನ ಮೀಟಿಂಗ್ ಮುಗಿದದ್ದು ರಾತ್ರಿ ಹತ್ತೂವರೆಗೆ.